ಇಳಿದು ಬಂದವರ ಮಣ್ಣು

ಒಂದಾನೊಂದು ಊರಿನಲ್ಲಿ ಒಂದು ಬೆಟ್ಟವಿತ್ತಂತೆ. ಮಳೆ ಬಂದಾಗಲೆಲ್ಲ ಅದು ಸ್ವಲ್ಪ ಸ್ವಲ್ಪವೇ ಕೆಳಗಿಳಿದು ಮನೆಮನೆಯ ಬಾಗಿಲು ತಟ್ಟುತ್ತಿತ್ತಂತೆ. ಅಜ್ಜಿ ಹೇಳುತ್ತಿದ್ದ ಕತೆಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ಆದರೆ ಅಜ್ಜಿ ತೀರಿಕೊಂಡ ಮಾರನೆಯ ಬೆಳಿಗ್ಗೆ ಬಾಗಿಲು ತಟ್ಟಿದವನು ಗುಂಡಿ ತೋಡುವವನು. ಮೈಯೆಲ್ಲ ಕಲ್ಲಿನ ಪುಡಿ, ಕೈಯಲ್ಲಿ ತುದಿ ಮುರಿದ ಗುದ್ದಲಿ. ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ ಅಜ್ಜಿಯ ಕಡೆ ಒಮ್ಮೆ ನೋಡಿ, ಅವಳಿಗೆ ಕೇಳಿಸಬಾರದು ಎನ್ನುವಂತೆ ದನಿ ತಗ್ಗಿಸಿದ.

“ಮಣ್ಣು ಸಾಲಲ್ಲ.”

“ಏನು ಸಾಲಲ್ಲ?” ಎಂದ ಮಾವ. ಅಜ್ಜಿಯ ಮಗ, ದೊಡ್ಡ ಬೀದಿಯಲ್ಲಿ ಸಿಮೆಂಟಿನ ಅಂಗಡಿ ಇಟ್ಟವನು.

“ಮಣ್ಣು ಸ್ವಾಮಿ. ಮೊಣಕಾಲುದ್ದ ತೋಡೋಷ್ಟ್ರಲ್ಲಿ ಬಂಡೆ ಬಂತು. ಪಕ್ಕಕ್ಕೆ ಸರಿದು ನೋಡ್ದೆ, ಅಲ್ಲೂ ಅದೇ. ಗುದ್ದಲಿ ನೋಡಿ ಹೆಂಗಾಗಿದೆ. ಮಲಗಿಸೋದು ಮಲಗಿಸಬಹುದು. ಮುಚ್ಚೋಕಾಗಲ್ಲ.”

ಸಾವಿನ ಮನೆಯಲ್ಲಿ ಆಗಬಾರದ ಹಾಗೆ ಯಾರೋ ಕಿಸಕ್ಕೆಂದರು. ಎದುರುಮನೆಯ ದರ್ಜಿ. ಕೂಡಲೇ ಕೆಮ್ಮಿದಂತೆ ಮಾಡಿ, “ಜೀವಮಾನವೆಲ್ಲ ಆ ಬೆಟ್ಟಕ್ಕೆ ಮಣ್ಣು ಹೊತ್ತೋಳಿಗೇ ಮಣ್ಣಿಲ್ವಂತೆ, ನೋಡಿ” ಎಂದ. ಈ ಸಲ ನಗಲಿಲ್ಲ.

ಊರಿನ ಹಳೆಯ ಸ್ಮಶಾನ ಬೆಟ್ಟದ ನೆತ್ತಿಯಲ್ಲಿತ್ತು. ಕಟ್ಟಿದವರು ಯಾವ ಹುಮ್ಮಸ್ಸಿನಲ್ಲಿದ್ದರೋ, ಬಂಡೆಯ ಮೇಲೆ ತೆಳ್ಳಗೆ ಮಣ್ಣು ಹರಡಿ ಸತ್ತವರನ್ನು ಮಲಗಿಸಲು ಶುರುಮಾಡಿದ್ದರು. ಮಳೆಗಾಲದಲ್ಲಿ ಆ ಮಣ್ಣು ಮೆಟ್ಟಿಲ ಮೇಲೆ, ಚರಂಡಿಯ ಮೇಲೆ ಹರಿದು ಬೀದಿಗೆ ಬರುತ್ತಿತ್ತು, ಹಿತ್ತಿಲುಗಳಿಗೆ ನುಗ್ಗುತ್ತಿತ್ತು. ಜನ ಅದನ್ನು ಗುಡಿಸಿ ಬಾಗಿಲ ಪಕ್ಕ ಗುಡ್ಡೆ ಹಾಕುತ್ತಿದ್ದರು. “ನಮ್ಮಪ್ಪ ಬಂದಿದ್ದಾನೆ” ಎನ್ನುತ್ತಿದ್ದ ದರ್ಜಿ ಪ್ರತಿ ವರ್ಷ, ಪೊರಕೆ ಹಿಡಿದು, “ಬದುಕಿದ್ದಾಗಲೂ ಕಾಲು ಒರೆಸದೆ ಒಳಗೆ ಬರ್ತಿದ್ದ, ಈಗಲೂ ಅಷ್ಟೇ.” ಆಮೇಲೆ ಅಜ್ಜಿ ಬರುತ್ತಿದ್ದಳು. ಬೆನ್ನಿಗೆ ಬುಟ್ಟಿ, ಅದರ ಭಾರ ಹಿಡಿಯಲು ಹಣೆಗೆ ಚರ್ಮದ ಪಟ್ಟಿ. ಗುಡ್ಡೆಗಳನ್ನು ತುಂಬಿಕೊಂಡು ಮತ್ತೆ ಮೇಲೆ ಹತ್ತಿಸುತ್ತಿದ್ದಳು. ಮೊದಲು ಈ ಕೆಲಸಕ್ಕೆ ಬೇರೆಯವರೂ ಇದ್ದರಂತೆ. ಕೊನೆಗೆ ಉಳಿದವಳು ಇವಳೊಬ್ಬಳೇ. ಊರವರ ಬಾಯಲ್ಲಿ ಬುಟ್ಟಜ್ಜಿ.

“ಅಜ್ಜಿ ಹಾಸಿಗೆ ಹಿಡಿದ ಮೇಲೆ ಯಾರು ಒಂದು ಹಿಡಿ ಹೊತ್ತಿದ್ದಾರೆ ಹೇಳಿ” ಎಂದ ಗುಂಡಿ ತೋಡುವವನು. “ಇಳಿಯೋದು ಇಳೀತಾನೇ ಇದೆ. ಹತ್ತಿಸೋರಿಲ್ಲ.”

ಮಾವ ಗಡಿಯಾರ ನೋಡಿಕೊಂಡ. “ಸರಿ, ರಸ್ತೆ ಪಕ್ಕದ ಹೊಸ ಸ್ಮಶಾನಕ್ಕೆ ಹೋಗೋಣ. ಅಲ್ಲಿ ಮಣ್ಣಿಗೇನು ಬರವಾ?”

“ಅಲ್ಲಿ ನೀರು ನಿಲ್ಲುತ್ತೆ” ಎಂದಳು ಅಮ್ಮ, ಅಜ್ಜಿಯ ಮಗಳು, ಹೆತ್ತವಳ ತಲೆಯ ಬಳಿಯಿಂದ ಏಳದೆ. “ಮೇಲೇ ಆಗಬೇಕು. ಅವಳ ತಂಗಿ ಪಕ್ಕ.”

“ಹಂಗಾದ್ರೆ ನಮ್ಮ ಅಂಗಡಿಯಿಂದ ಮರಳು ತರಿಸ್ತೀನಿ. ಮೇಲೊಂದು ಪದರ ಸಿಮೆಂಟ್ ಎಳೆದುಬಿಟ್ರೆ ನೂರು ವರ್ಷ ಅಲ್ಲಾಡಲ್ಲ.”

“ಅಲ್ಲಾಡಬಾರದು ಅಂತ ಅಮ್ಮ ಯಾವತ್ತು ಅಂದಿದ್ಲೋ?” ಎಂದಳು ಅವನ ತಂಗಿ.

ಮಾವ ಮತ್ತೊಮ್ಮೆ ಗಡಿಯಾರ ನೋಡಿಕೊಂಡ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಮೊಮ್ಮಗಳ ನಾಲಿಗೆ ಸುಮ್ಮನಿರಲಿಲ್ಲ. ಬೆಳಿಗ್ಗೆ ಅಜ್ಜಿಗೆ ಸ್ನಾನ ಮಾಡಿಸುತ್ತಿದ್ದಾಗಿನಿಂದ ಅದು ಮೇಲ್ದವಡೆಯ ಎಡಗಡೆ ಒಂದೇ ಜಾಗಕ್ಕೆ ಹೋಗಿ ಹೋಗಿ ಬರುತ್ತಿತ್ತು. ಅಲ್ಲೊಂದು ಹಾಲುಹಲ್ಲು. ಇಸ್ತ್ರಿ ಅಂಗಡಿಯಲ್ಲಿ ದುಡಿದು ಮನೆಗೆ ತಂದುಹಾಕುವಷ್ಟು ದೊಡ್ಡವಳಾದರೂ ಬೀಳದೆ ಉಳಿದ ಒಂದೇ ಒಂದು ಹಾಲುಹಲ್ಲು. ಅದು ಅಲ್ಲಾಡುತ್ತಿತ್ತು.

*

ಅವಳ ಮೊದಲ ಹಲ್ಲು ಬಿದ್ದದ್ದು ಗಟ್ಟಿ ಬ್ರೆಡ್ಡಿನ ಅಂಚು ಕಚ್ಚಿದಾಗ. ಅಂಗೈಯಲ್ಲಿಟ್ಟುಕೊಂಡು ಓಡಿಬಂದು ತೋರಿಸಿದ್ದಳು. ಅಜ್ಜಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೇರೆಯವರ ಒಡವೆ ನೋಡುವ ಹಾಗೆ ನೋಡಿದಳು.

“ಇದು ನಿನ್ನದಲ್ಲ ಕಣೇ.”

“ನನ್ ಬಾಯಿಂದಾನೇ ಬಿತ್ತು!”

“ಬಾಯಿ ನಿಂದು. ಹಲ್ಲು ನನ್ನ ತಂಗೀದು.”

ಒಂದು ಬೆಟ್ಟದ ಬುಡದಲ್ಲಿ ಅಕ್ಕ ತಂಗಿ ಇದ್ದರಂತೆ. ತಂಗಿಗೆ ತಗ್ಗು ಎಂದರೆ ಭಯವಂತೆ. ಬಾವಿ ಬಗ್ಗಿ ನೋಡಳು, ಮಂಚದ ಕೆಳಗೆ ಚೆಂಡು ಹೋದರೆ ತಾರಳು. ಜ್ವರ ಬಂದು ಮಲಗಿದಾಗ ಅಕ್ಕನ ಕೈ ಹಿಡಿದು, ನನ್ನನ್ನ ಎತ್ತರದಲ್ಲಿ ಇಡ್ತೀಯಾ, ಕೆಳಗೆ ಮಾತ್ರ ಬೇಡ, ಅಂದಳಂತೆ. ಅಕ್ಕ ಹೂಂ ಅಂದಳಂತೆ. ಬೆಟ್ಟದ ನೆತ್ತಿಯಲ್ಲಿ, ಇಡೀ ಊರು ಕಾಣುವ ಅಂಚಿನಲ್ಲಿ ಮಲಗಿಸಿದರಂತೆ. ಆ ವರ್ಷದ ಮಳೆಗೆ ಅಂಚು ಕುಸಿಯಿತು. ಬೆಳಗಾದಾಗ ಅಕ್ಕನ ಮನೆಯ ಹಿತ್ತಿಲ ತುಂಬ ಕೆಸರು. ಯಾರದು ಯಾವುದು ಎಂದು ಮಣ್ಣನ್ನು ಮಣ್ಣಿನಿಂದ ಬಿಡಿಸುವುದು ಹೇಗೆ? ದೊಡ್ಡವರು ಕೈಚೆಲ್ಲಿದರು. ಅಕ್ಕ ಬುಟ್ಟಿ ತೆಗೆದುಕೊಂಡಳು.

“ಹೊತ್ತೇ ಹೊತ್ತೆ. ಆದ್ರೆ ನಾನು ಹೊರೋದಕ್ಕಿಂತ ಬೀನ್ಸ್ ಬಳ್ಳಿ ಚುರುಕು ಕಣೇ. ಬೀಜ ಹಾಕಿದೋರು ಯಾರೂ ಇಲ್ಲ, ತಾನೇ ಹುಟ್ಕೊಂಡು ಗೋಡೆ ಹತ್ತಿಬಿಡ್ತು. ಅವಳಿಗೆ ಎತ್ತರ ಬೇಕಿತ್ತಲ್ಲ. ಮಣ್ಣು ಬಳ್ಳಿಯಾಯ್ತು, ಬಳ್ಳಿ ಕಾಯಿಯಾಯ್ತು, ಕಾಯಿ ನಿನ್ನಮ್ಮನ ಎದೆ ಹಾಲಾಯ್ತು, ಹಾಲು ನಿನ್ನ ಬಾಯಲ್ಲಿ ಹಲ್ಲಾಯ್ತು. ನೀನು ಹುಟ್ಟಿದ ದಿನ ಬಟ್ಟೆ ಸರಿಸಿ ಮುಖ ನೋಡ್ದೆ. ಅವಳೇ.”

“ಹಂಗಾದ್ರೆ ನಾನ್ಯಾರು?”

“ನೀನು ನೀನೇ ಕಣೇ ದಡ್ಡಿ. ಅವಳು ಸ್ವಲ್ಪ ದಿನ ನಿನ್ನಲ್ಲಿ ಇಳ್ಕೊಂಡಿದ್ದಾಳೆ. ನೆಂಟರ ಹಾಗೆ.”

ಅಂದೇ ಅಜ್ಜಿ ಹಲ್ಲನ್ನು ಬುಟ್ಟಿಯ ಮಣ್ಣಿನಲ್ಲಿ ಹೂತು ಮೇಲೆ ಕೊಂಡೊಯ್ದಳು. ಆಮೇಲೆ ಬಿದ್ದವನ್ನೆಲ್ಲ ಹಾಗೆಯೇ. ಜೊತೆಗೆ ಬರುತ್ತೇನೆಂದು ಮೊಮ್ಮಗಳು ರಂಪ ಮಾಡಿದಾಗ ಮಾತ್ರ ಅಜ್ಜಿಯ ಮುಖ ಬಿಗಿಯಿತು.

“ಕೊನೇ ಹಲ್ಲು ಬೀಳೋವರೆಗೂ ನೀನು ಆ ಮೆಟ್ಟಿಲು ತುಳೀಬಾರದು. ಅವಳು ಚಿಕ್ಕೋಳು, ತಾಳ್ಮೆ ಇಲ್ಲ. ತನ್ನ ಪಾಲು ನಿನ್ನೊಳಗೆ ಕಂಡ್ರೆ ಬಿಡಿಸ್ಕೊಳ್ಳೋ ಕಷ್ಟ ತಗೊಳ್ಳಲ್ಲ. ನಿನ್ನನ್ನೇ ಇಟ್ಕೊಂಡುಬಿಡ್ತಾಳೆ.”

ಹೀಗಾಗಿ ಊರಿನಲ್ಲಿ ಬೆಟ್ಟ ಹತ್ತದೆ ಬೆಳೆದವಳು ಅವಳೊಬ್ಬಳೇ. ಕೊನೆಕೊನೆಗೆ ಅಜ್ಜಿಗೆ ಮಂಪರು ಹತ್ತಿದಾಗ ಮೊಮ್ಮಗಳ ಮುಖವನ್ನೇ ನೋಡುತ್ತ ಕೇಳುತ್ತಿದ್ದಳು: “ಮೇಲೆ ಚಳಿ ಇತ್ತೇನೇ?”

*

ಅಮ್ಮ ಸೆರಗು ಸಿಕ್ಕಿಸಿಕೊಂಡು ಹಿತ್ತಿಲಿಗೆ ನಡೆದಳು. ಸನಿಕೆ ತೆಗೆದುಕೊಂಡು ಬೀನ್ಸ್ ಪಾತಿಗೆ ಹಾಕಿದಳು. ಕಾಯಿ ತೂಗುತ್ತಿದ್ದ ಬಳ್ಳಿ ಬೇರುಸಮೇತ ಮಗುಚಿ ಬಿತ್ತು. ಅದನ್ನು ನೋಡಿದ ಮೇಲೆ ಯಾರಿಗೂ ಯಾರೂ ಏನೂ ಹೇಳಬೇಕಾಗಲಿಲ್ಲ. ಬೀದಿಯವರು ತಮ್ಮ ತಮ್ಮ ಮನೆಗೆ ಹೋದರು. ಹಿಂತಿರುಗಿ ಬಂದಾಗ ಒಬ್ಬರ ಕೈಯಲ್ಲಿ ಬೋಗುಣಿ, ಒಬ್ಬರ ತಲೆಯ ಮೇಲೆ ಬಕೆಟ್ಟು, ಒಬ್ಬಾಕೆಯ ಕಂಕುಳಲ್ಲಿ ಮಗುವಿನ ಸ್ನಾನದ ಟಬ್ಬು. ಎಲ್ಲದರಲ್ಲೂ ಮಣ್ಣು.

“ನಮ್ಮ ಗುಲಾಬಿ ಗಿಡದ ಬುಡದ್ದು ತಂದಿದ್ದೀನಿ” ಎಂದಳು ಟಬ್ಬಿನವಳು. “ಮಳೇಲಿ ಬಂದಿದ್ದನ್ನ ಹಾಕ್ಕೊಂಡಿದ್ದೆ. ಈ ವರ್ಷ ಇಷ್ಟಿಷ್ಟು ದಪ್ಪ ಹೂ ಬಿಟ್ಟಿತ್ತು. ನಮ್ಮತ್ತೇದೇ ಇರಬೇಕು, ಅದಕ್ಕೆ ಮುಳ್ಳೂ ಅಷ್ಟೇ ಜೋರು.”

“ಗಿಡ ಸಾಯಲ್ವಾ?”

“ಸಾಯ್ಲಿ ಬಿಡು. ಬುಟ್ಟಜ್ಜಿ ಮಣ್ಣು ಹೊದೀದೆ ಮಲಗೋಕಾಗುತ್ತಾ?”

ದರ್ಜಿ ಹೊಲಿಗೆ ಯಂತ್ರದ ಡ್ರಾಯರನ್ನೇ ಕಿತ್ತು ಅದರಲ್ಲಿ ತುಂಬಿಕೊಂಡು ಬಂದಿದ್ದ. ಮಣ್ಣಿನ ನಡುವೆ ಬಣ್ಣದ ದಾರದ ತುಂಡುಗಳು ಮಿಂಚುತ್ತಿದ್ದವು. ಮಾವ ತನ್ನ ಒಳ್ಳೆಯ ಬೂಟುಗಳನ್ನೊಮ್ಮೆ ನೋಡಿಕೊಂಡ. ಅಂಗಡಿಯ ಹುಡುಗರಿಗೆ ಫೋನು ಮಾಡಿ ಏನೋ ಹೇಳಲು ಹೊರಟವನು ಅರ್ಧಕ್ಕೆ ನಿಲ್ಲಿಸಿದ. ಖಾಲಿ ಸಿಮೆಂಟಿನ ಚೀಲವನ್ನು ಒಳಹೊರಗು ಮಾಡಿ ಕೊಡವಿ ಪಾತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

“ಚಿಕ್ಕಂದಿನಲ್ಲಿ ನಾನು ಈ ಬೀನ್ಸ್ ತಿಂತಿರಲಿಲ್ಲ ಗೊತ್ತಾ?” ಎಂದ ತಂಗಿಗೆ. “ತಟ್ಟೆಯಿಂದ ಎತ್ತಿ ನಿನ್ನ ತಟ್ಟೆಗೆ ಹಾಕ್ತಿದ್ದೆ.”

“ಗೊತ್ತು.”

“ಯಾಕೆ ಅಂತ ಗೊತ್ತಾ?”

ಅಮ್ಮ ಸನಿಕೆ ನಿಲ್ಲಿಸಲಿಲ್ಲ. “ಅಗಿಯುವಾಗ ಯಾರೋ ಗುನುಗೋ ಹಂಗೆ ಕೇಳ್ತಿತ್ತು ಅಂತ. ನನಗೂ ಕೇಳ್ತಿತ್ತು. ಹಸಿವು ಜಾಸ್ತಿ ಇತ್ತು, ತಿಂದೆ.”

ಅಣ್ಣತಂಗಿ ಮುಖ ಎತ್ತದೆ ಮಣ್ಣು ತುಂಬಿದರು. ಪಾತಿ ಕಪ್ಪಗಿತ್ತು, ಕೈಗೆ ಬೆಚ್ಚಗೆ ಹತ್ತುತ್ತಿತ್ತು. ರಾತ್ರಿ ಯಾರೋ ಮಲಗೆದ್ದ ಹಾಸಿಗೆಯ ಹಾಗೆ.

ಅಜ್ಜಿಯನ್ನು ಎತ್ತಿದಾಗ ಮೆರವಣಿಗೆ ನೋಡುವಂತಿತ್ತು. ಮುಂದೆ ಹೆಗಲಮೇಲೆ ಅವಳು, ಹಿಂದೆ ಅವಳನ್ನು ಮುಚ್ಚುವ ಮಣ್ಣು. ಅಮ್ಮ ಹೊಸ್ತಿಲಲ್ಲಿ ತಿರುಗಿ ಮಗಳಿಗೆ ಹೇಳಿದಳು: “ನೀನು ಮನೇಲೇ ಇರು.”

“ಅಮ್ಮಾ…”

“ಹಲ್ಲು ಬಿತ್ತಾ?”

“ಇಲ್ಲ.”

“ಹಂಗಾದ್ರೆ ಇರು.”

*

ಅದಕ್ಕೂ ಮೊದಲಿನ ಚಳಿಗಾಲದಲ್ಲಿ ಹಲ್ಲಿನ ಡಾಕ್ಟರು ಅವಳ ದವಡೆಯ ಚಿತ್ರವನ್ನು ಬೆಳಕಿನ ಪೆಟ್ಟಿಗೆಗೆ ಅಂಟಿಸಿ ತೋರಿಸಿದ್ದರು. ಎಲ್ಲ ಹಲ್ಲುಗಳೂ ಬೇರು ಬಿಟ್ಟು ನಿಂತಿದ್ದವು. ಇದೊಂದೇ ಕಿರಿದಾಗಿ, ಬೇರಿಲ್ಲದೆ, ಬಾಗಿಲಲ್ಲಿ ನಿಂತ ಮಗುವಿನಂತೆ.

“ಇದರ ಮೇಲೆ ಬರಬೇಕಾದ ಹಲ್ಲು ನಿಮಗೆ ಹುಟ್ಟಿಲ್ಲ” ಎಂದರು ಡಾಕ್ಟರು. “ನೋಡಿ, ಒಳಗೆ ಖಾಲಿ. ಇದು ಬಿದ್ದರೆ ಮತ್ತೊಂದು ಬರಲ್ಲ. ಈಗಲೇ ಕಿತ್ತು ಕಟ್ಟಿಸಿಬಿಡೋಣವಾ?”

ಬೇಡವೆಂದು ಎದ್ದು ಬಂದಿದ್ದಳು. ಕೇಳಿ ಅಜ್ಜಿ ಹಾಸಿಗೆಯಲ್ಲೇ ನಕ್ಕಳು. ಬಾಯಿ ತೆಗೆ ಎಂದು ಸನ್ನೆ ಮಾಡಿ, ಒರಟು ತೋರುಬೆರಳನ್ನು ಒಳಗೆ ಹಾಕಿ ಹಲ್ಲನ್ನು ಮುಟ್ಟಿದಳು. ಬೆರಳಿಗೆ ಎಷ್ಟು ತೊಳೆದರೂ ಹೋಗದ ಮಣ್ಣಿನ ವಾಸನೆ.

“ಇನ್ನೂ ಗಟ್ಟಿ ಕೂತಿದ್ದಾಳೆ ಹಟಮಾರಿ. ಕಿತ್ತರೆ ಆಗಲ್ಲ ಕಣೇ, ಅವಳಾಗಿ ಇಳೀಬೇಕು. ನಾನಿರೋವಾಗ ಬಿದ್ರೆ ಸರಿ. ಇಲ್ಲಾಂದ್ರೆ…”

“ಅಜ್ಜಿ, ಹಂಗೆಲ್ಲ ಮಾತಾಡಬೇಡ.”

“ಕೇಳು. ಇಲ್ಲಾಂದ್ರೆ ನೀನೇ ತಂದು ನನ್ನ ಮೇಲೆ ಹಾಕು. ನಾನು ಅವಳ ಕೈಗೆ ಕೊಡ್ತೀನಿ. ಬರೀ ಕೈಲಿ ಹೋದ್ರೆ ಅವಳ ಮುಖ ಹೆಂಗೆ ನೋಡಲಿ? ಪೂರ್ತಿ ತಂದುಕೊಡ್ತೀನಿ ಅಂದಿದ್ದೀನಿ. ನನ್ನ ಮುಚ್ಚೋದರೊಳಗೆ ತರ್ತೀಯಾ?”

“ಹೂಂ.”

“ಹೂಂ ಅಂತ ನಾನೂ ಅಂದಿದ್ದೆ” ಎಂದು ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು. “ಎಷ್ಟು ಸುಲಭಕ್ಕೆ ಬಂದುಬಿಡುತ್ತೆ ಬಾಯಿಗೆ.”

*

ಮನೆ ಖಾಲಿಯಾಯಿತು. ನಡುಮನೆಯಲ್ಲಿ ಅಜ್ಜಿ ಮಲಗಿದ್ದ ಜಾಗ, ಹಿತ್ತಿಲಲ್ಲಿ ಪಾತಿ ಇದ್ದ ಜಾಗ, ಎರಡೂ ಒಂದೇ ಉದ್ದ ಒಂದೇ ಅಗಲವಿದ್ದಂತೆ ಕಂಡಿತು. ಮೊಮ್ಮಗಳು ಹಲ್ಲನ್ನು ಬೆರಳಿಂದ ಅಲ್ಲಾಡಿಸಿದಳು. ಮುಂದಕ್ಕೆ ಬರುತ್ತಿತ್ತು, ಹಿಂದಕ್ಕೆ ಹೋಗುತ್ತಿತ್ತು. ಬೀಳುತ್ತಿರಲಿಲ್ಲ. ಮೇಲೆ ಮಣ್ಣು ಹಾಕಿ ಮುಗಿಸಿಬಿಟ್ಟರೆ? ಬೀಳದೆಯೇ ಹತ್ತಿದರೆ?

ಗೋಡೆಯ ಮೊಳೆಯಲ್ಲಿ ಅಜ್ಜಿಯ ಬುಟ್ಟಿ ತೂಗುತ್ತಿತ್ತು. ಅದನ್ನು ಯಾರೂ ಒಯ್ದಿರಲಿಲ್ಲ. ಅವಳು ಅದನ್ನಿಳಿಸಿ, ಪಾತಿಯ ತಳದಲ್ಲಿ ಉಳಿದ ಮಣ್ಣನ್ನು ಕೈಯಿಂದಲೇ ಬಾಚಿ ತುಂಬಿದಳು. ಹಣೆಗೆ ಪಟ್ಟಿ ಏರಿಸಿದಳು. ಮೆಟ್ಟಿಲು ಕಡಿದು; ಹತ್ತುವಾಗ ಎರಡು ಕೈಯೂ ಕಲ್ಲು ಹಿಡಿಯಲು ಬೇಕು. ಅದಕ್ಕೇ ಪಟ್ಟಿ ಜಾರದಂತೆ ಅದರ ಇಳಿಬಿದ್ದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಬೇಕು. ಮಣ್ಣು ಹೊರುವವರು ಹತ್ತುವಾಗ ಮಾತಾಡುತ್ತಿರಲಿಲ್ಲವಂತೆ, ಆಡಲು ಬಾಯಿ ಇರುತ್ತಿರಲಿಲ್ಲ. ಚರ್ಮದ ತುದಿಯಲ್ಲಿ ಅಜ್ಜಿಯ ಹಲ್ಲುಗಳು ಕೂತು ಕೂತು ಗುಳಿಬಿದ್ದಿತ್ತು. ಮೊಮ್ಮಗಳು ಕಚ್ಚಿದಳು. ಗುಳಿಗಳು ಅವಳ ಹಲ್ಲಿಗೆ ಸರಿಯಾಗಿ ಕೂತವು.

ಮೊದಲ ಮೆಟ್ಟಿಲು. ಏನೂ ಆಗಲಿಲ್ಲ.

ಅರ್ಧ ಹತ್ತುವಷ್ಟರಲ್ಲಿ ಊರಿನ ಸದ್ದು ನಿಂತಿತು. ಗಾಳಿಯೂ. ಆದರೆ ಮೆಟ್ಟಿಲ ಅಂಚಿನಲ್ಲಿ ಮಣ್ಣು ಮಾತ್ರ ಸಣ್ಣ ದಾರದಂತೆ ಕೆಳಗೆ ಜಾರುತ್ತಿತ್ತು, ಮಳೆಯಿಲ್ಲದೆ, ಯಾರೂ ತುಳಿಯದೆ. ಕವಲು ಬಂದಾಗ ಅವಳು ನಿಲ್ಲಲಿಲ್ಲ. ಕಾಲು ತಾನೇ ಎಡಕ್ಕೆ ತಿರುಗಿತು. ಒಡೆದ ಮೆಟ್ಟಿಲನ್ನು ನೋಡುವ ಮೊದಲೇ ದಾಟಿತು. ಇದುವರೆಗೂ ಕಾಣದ ದಾರಿ ಕಾಲಿಗೆ ಬಾಯಿಪಾಠವಾಗಿತ್ತು. ಅವಳಿಗೆ ಬೆವರು ತಣ್ಣಗಾಯಿತು. ಪಟ್ಟಿ ಎಳೆದಷ್ಟೂ ಹಲ್ಲು ಕಚ್ಚಿದಳು, ಕಚ್ಚಿದಷ್ಟೂ ದವಡೆಯೊಳಗೆ ಯಾರೋ ಗುನುಗುವ ಹಾಗೆ ಕೇಳತೊಡಗಿತು. ರಾಗ ಮಕ್ಕಳದ್ದು. ಎತ್ತರಕ್ಕೆ ಬಂದ ಖುಷಿಯದ್ದು.

ನೆತ್ತಿಯಲ್ಲಿ ಕಲ್ಲುಗಳು ಓರೆಯಾಗಿ ನಿಂತಿದ್ದವು. ನಡುನಡುವೆ ಬಂಡೆ ಬೋಳು ತಲೆಯಂತೆ ಎದ್ದಿತ್ತು. ಜನ ಗುಂಡಿಯ ಸುತ್ತ ಗುಂಪುಗಟ್ಟಿದ್ದರು. ಬೋಗುಣಿ, ಬಕೆಟ್ಟು, ಡ್ರಾಯರು ಎಲ್ಲ ಬರಿದಾಗಿ ಪಕ್ಕಕ್ಕೆ ಬಿದ್ದಿದ್ದವು. ಗುಂಡಿ ತೋಡುವವನು ಸನಿಕೆಗೆ ಗಲ್ಲ ಊರಿ ನಿಂತಿದ್ದ.

“ಪಾದದ ಹತ್ರ ಇನ್ನೂ ಬಟ್ಟೆ ಕಾಣ್ತಿದೆ” ಎನ್ನುತ್ತಿದ್ದ. “ಇನ್ನೊಂದು ಬುಟ್ಟಿ ಇದ್ದಿದ್ರೆ ಆಗ್ತಿತ್ತು.”

“ನಾನು ಹೋಗಿ ತರ್ತೀನಿ” ಎಂದು ತಿರುಗಿದ ಮಾವ ಹಾಗೇ ನಿಂತ. ಅವನ ಮುಖದ ಬಣ್ಣ ಇಳಿದಿತ್ತು. ಚಿಕ್ಕಂದಿನಲ್ಲಿ ಅಜ್ಜಿ ಪೆಟ್ಟಿಗೆಯಿಂದ ತೆಗೆದು ತೋರಿಸುತ್ತಿದ್ದ ಅವಳ ತಂಗಿಯ ಹಳೆಯ ಫೋಟೋವೇ ಬುಟ್ಟಿ ಹೊತ್ತು ಎದುರಿಗೆ ಬಂದಿತ್ತು.

ಅಮ್ಮ ಓಡಿ ಬಂದಳು. “ಯಾಕೆ ಬಂದೆ? ಇರು ಅಂದಿದ್ನಲ್ಲೇ!”

ಮೊಮ್ಮಗಳಿಗೆ ಉತ್ತರಿಸಲು ಬಾಯಿ ಇರಲಿಲ್ಲ. ಪಟ್ಟಿ ಕಚ್ಚಿಯೇ ಗುಂಡಿಯ ಅಂಚಿಗೆ ಹೋದಳು. ಅಲ್ಲಿ ಮಣ್ಣು ಮೃದುವಾಗಿತ್ತು. ಬಲಗಾಲು ಇಳಿಯಿತು. ಹಿಮ್ಮಡಿ, ಹರಡು, ಮೀನಖಂಡ. ಮೊಣಕಾಲುದ್ದಕ್ಕೆ ಬಂಡೆ ಇದೆ ಎಂದಿದ್ದ ಜಾಗದಲ್ಲಿ ಕಾಲಿಗೆ ತಳ ಸಿಗಲಿಲ್ಲ. ಬೆಚ್ಚಗಿತ್ತು. ಕೆಳಗಿನಿಂದ ಏನೋ ಹಿಡಿದಿತ್ತು, ಜೋರಾಗಿ ಅಲ್ಲ. ಆಟದಲ್ಲಿ ಗೆದ್ದ ಮಗು ಸೆರಗು ಹಿಡಿಯುವ ಹಾಗೆ.

“ಎಳೀರೋ ಅವಳನ್ನ!” ಎಂದು ಅಮ್ಮ ಕೂಗಿದಳು. ಗುಂಡಿ ತೋಡುವವನೂ ಮಾವನೂ ಎರಡು ತೋಳು ಹಿಡಿದು ಎಳೆದರು. ಕಾಲು ಕದಲಲಿಲ್ಲ.

“ಮೊದ್ಲು ಭಾರ ಇಳಿಸಿ” ಎಂದ ದರ್ಜಿ. “ಬುಟ್ಟಿ ತೆಗೀರಿ.”

ಅಮ್ಮ ಅವಳ ಹಣೆಯಿಂದ ಪಟ್ಟಿ ಬಿಡಿಸಿದಳು. ತುದಿ ಮಾತ್ರ ಬಾಯಿಂದ ಬರಲಿಲ್ಲ. ಅದು ಹಲ್ಲಿಗೆ ಕಚ್ಚಿಕೊಂಡಿತ್ತೋ, ಹಲ್ಲು ಅದಕ್ಕೋ. ಮೊಮ್ಮಗಳು ಕಣ್ಣು ಮುಚ್ಚಿ ದವಡೆ ಸಡಿಲಬಿಟ್ಟಳು. ಎಳೆಯಲಿಲ್ಲ, ಕಾದಳು. ಗುನುಗು ನಿಂತಿತು. ಆಮೇಲೆ ಹಣ್ಣೆಲೆ ತೊಟ್ಟು ಕಳಚುವಷ್ಟು ಮೆಲ್ಲಗೆ ಏನೋ ಬಿಟ್ಟುಕೊಟ್ಟಿತು.

ಚರ್ಮದ ತುದಿಯಲ್ಲಿ, ಅಜ್ಜಿಯ ಹಲ್ಲಿನ ಗುಳಿಯೊಳಗೆ, ಅಕ್ಕಿಕಾಳಿನಂತೆ ಅದು ಕೂತಿತ್ತು. ಬಿಳಿ, ಬೇರಿಲ್ಲದ್ದು, ರಕ್ತವೂ ಇಲ್ಲದ್ದು.

ಅವಳು ಅದನ್ನು ಉಗುರಿನಿಂದ ಬಿಡಿಸಿ ಬುಟ್ಟಿಯ ಮಣ್ಣಿನೊಳಗಿಟ್ಟಳು. ಬುಟ್ಟಿಯನ್ನು ಎರಡು ಕೈಯಲ್ಲಿ ಎತ್ತಿ, ಇನ್ನೂ ಕಾಣುತ್ತಿದ್ದ ಬಿಳಿ ಬಟ್ಟೆಯ ಮೇಲೆ ಮಗುಚಿದಳು.

“ಅಜ್ಜಿ, ತಗೋ. ಅವಳ ಕೈಗೆ ಕೊಡು.”

ಬಟ್ಟೆ ಮುಚ್ಚಿಹೋಯಿತು. ಗುಂಡಿ ತೋಡುವವನು ಸನಿಕೆಯ ಬೆನ್ನಿನಿಂದ ಮೆಲ್ಲಗೆ ತಟ್ಟಿದ. ಒಂದು ಹಿಡಿ ಹೆಚ್ಚಾಗಲಿಲ್ಲ, ಒಂದು ಹಿಡಿ ಕಡಿಮೆಯಾಗಲಿಲ್ಲ. ಮೆಟ್ಟಿಲ ಅಂಚಿನಲ್ಲಿ ಜಾರುತ್ತಿದ್ದ ಮಣ್ಣಿನ ದಾರ ನಿಂತುಹೋಗಿತ್ತು. ಮೊಮ್ಮಗಳ ಕಾಲು ಯಾರೂ ಎಳೆಯದೆ ಮೇಲೆ ಬಂತು, ಚಪ್ಪಲಿ ಬರಲಿಲ್ಲ.

“ಏನಾಯ್ತೇ? ನೋವಾ?” ಅಮ್ಮ ಅವಳ ಗಲ್ಲ ಹಿಡಿದು ಬಾಯೊಳಗೆ ಇಣುಕಿದಳು.

ಅವಳು ಇಲ್ಲವೆಂದು ತಲೆಯಾಡಿಸಿದಳು. ನಾಲಿಗೆ ರೂಢಿಯಂತೆ ಎಡಗಡೆಯ ಆ ಜಾಗಕ್ಕೆ ಹೋಗಿತ್ತು. ಎಂದೆಂದಿಗೂ ಖಾಲಿ ಇರುತ್ತದೆ ಎಂದು ಡಾಕ್ಟರು ಬೆಳಕಿಗೆ ಹಿಡಿದು ತೋರಿಸಿದ್ದ ಜಾಗ. ಅಲ್ಲಿ ವಸಡು ಬೆಚ್ಚಗಿತ್ತು, ಮಣ್ಣಿನ ರುಚಿಯಿತ್ತು, ಮತ್ತು ಆ ಮಣ್ಣನ್ನು ಸೀಳಿಕೊಂಡು ಮೊಳಕೆಯಷ್ಟೇ ಚೂಪಾದ, ಗಟ್ಟಿಯಾದ ಒಂದು ಮೊನೆ ಆಗಲೇ ಮೂಡಿತ್ತು.